ದೊಡ್ಡಕ್ಷರದ ಮುಂದೆ ನಮ್ಮ ಹೆಸರು ಯಾಕೆ ಸಣ್ಣದಾಗಬೇಕು?



ನಿಮ್ಮ ಕಾಲೇಜಿನ ಗುರುತಿನ ಚೀಟಿಯನ್ನು ಒಮ್ಮೆ ಹೊರಗೆ ತೆಗೆಯಿರಿ. ಕಂಪನಿ ಕೆಲಸದಲ್ಲಿದ್ದರೆ ಕೊರಳಲ್ಲೇ ನೇತಾಡುತ್ತಿರುತ್ತದೆ, ಅದನ್ನೇ ನೋಡಿ. ನಿಮ್ಮ ಹೆಸರು ಇಂಗ್ಲಿಷಿನಲ್ಲಿದೆ. ಮೊದಲಿಂದ ಕೊನೆಯವರೆಗೂ ದೊಡ್ಡಕ್ಷರ, ಅಂದರೆ ಕ್ಯಾಪಿಟಲ್ ಲೆಟರು. ಹಿಂದೆಯೋ ಮುಂದೆಯೋ ಒಂದೆರಡು ಒಂಟಿ ಅಕ್ಷರ, ಪಕ್ಕದಲ್ಲಿ ಚುಕ್ಕೆ. ಆ ಒಂಟಿ ಅಕ್ಷರದೊಳಗೆ ನಿಮ್ಮ ಅಪ್ಪ ಇದ್ದಾರೆ, ಇಲ್ಲವೇ ನಿಮ್ಮ ಊರು ಇದೆ. ಈಗ ಹೇಳಿ, ಆ ಚೀಟಿಯೊಂದನ್ನೇ ನೋಡಿದ ಪರಸ್ಥಳದವನು ನಿಮ್ಮ ತಾಯಿ ಕರೆಯುವಂತೆ ನಿಮ್ಮ ಹೆಸರು ಹಿಡಿದು ಕರೆಯಬಲ್ಲನೇ? ನಿಮ್ಮ ಊರು ಯಾವುದೆಂದು ಹೇಳಬಲ್ಲನೇ? ಆಗುವುದಿಲ್ಲ. ಅಕ್ಷರ ದೊಡ್ಡದು, ಹೆಸರು ಮಾತ್ರ ಕಾಣೆ.

ನಾನು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡು ಬದುಕುವವನು. ಲಗ್ನಪತ್ರಿಕೆ, ಬಿಲ್‌ಬುಕ್ಕು, ವಿಸಿಟಿಂಗ್ ಕಾರ್ಡು, ಕರಪತ್ರ, ಶ್ರದ್ಧಾಂಜಲಿ ಕಾರ್ಡು. ನನ್ನ ವ್ಯಾಪಾರವೆಂದರೆ ಜನರ ಹೆಸರು. ಓದಿದ್ದು ಪಿಯುಸಿ, ಇಂಗ್ಲಿಷಿನ ಪಂಡಿತನೇನಲ್ಲ. ಆದರೆ ತಪ್ಪು ಅಚ್ಚಾದರೆ ಕಾಗದದ ಖರ್ಚು ನನ್ನ ತಲೆಗೇ ಬರುವುದರಿಂದ ಯಾವ ಅಕ್ಷರ ದೊಡ್ಡದು, ಯಾವುದು ಸಣ್ಣದು ಅನ್ನುವುದನ್ನು ಹೊಟ್ಟೆಪಾಡಿಗಾಗಿ ಕಲಿತಿದ್ದೇನೆ.

ಮೊದಲು ಇಂಗ್ಲಿಷಿನವರ ನಿಯಮವನ್ನೇ ನೋಡೋಣ. ಇಂಗ್ಲಿಷ್ ಬರೆಯುವುದಾದರೆ ನೆಟ್ಟಗೆ ಬರೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ವ್ಯಕ್ತಿಯ ಹೆಸರು, ಊರಿನ ಹೆಸರು, ನದಿಯ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು. ಡಾಕ್ಟರು, ಪ್ರೊಫೆಸರು, ಮಿನಿಸ್ಟರು ಎಂಬ ಪದವಿ ಹೆಸರಿನ ಮುಂದೆ ಅಂಟಿಕೊಂಡಿದ್ದರೆ ಅದಕ್ಕೂ ದೊಡ್ಡಕ್ಷರ. 'ಒಬ್ಬ ಮಿನಿಸ್ಟರು ಬಂದಿದ್ದರು' ಎಂದು ಬಿಡಿಯಾಗಿ ಹೇಳಿದರೆ ಸಣ್ಣಕ್ಷರವೇ ಸಾಕು, ಆ ಮಿನಿಸ್ಟರು ಎಷ್ಟೇ ದೊಡ್ಡವನಾಗಿರಲಿ! 'ಅಂಕಲ್' ಹೆಸರಿಗೆ ಅಂಟಿದಾಗ ದೊಡ್ಡಕ್ಷರ, 'ನಮ್ಮ ಅಂಕಲ್' ಅಂದಾಗ ಸಣ್ಣಕ್ಷರ. ಪುಸ್ತಕದ, ಸಿನಿಮಾದ ಹೆಸರಿನಲ್ಲಿ ಮುಖ್ಯ ಪದಗಳಿಗೆ ದೊಡ್ಡದು, ಮಧ್ಯೆ ಬರುವ 'ಆಫ್', 'ದಿ', 'ಅಂಡ್' ಸಣ್ಣದು. ಇಷ್ಟು ತಿಳಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಮಿಕ್ಕದ್ದರಲ್ಲಿ ಅವರೊಳಗೇ ಒಮ್ಮತವಿಲ್ಲ. ಇಂಟರ್‌ನೆಟ್ ಅನ್ನುವ ಪದಕ್ಕೆ ದೊಡ್ಡಕ್ಷರ ಬೇಕೋ ಬೇಡವೋ ಎಂದು ವರ್ಷಗಟ್ಟಲೆ ಜಗ್ಗಾಡಿ, ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2016ರಲ್ಲಿ ಸಣ್ಣಕ್ಷರಕ್ಕೆ ಇಳಿಸಿತು. ಜರ್ಮನರ ಕಥೆಯೇ ಬೇರೆ, ಅವರಲ್ಲಿ ನಾಮಪದ ಎಲ್ಲಕ್ಕೂ ದೊಡ್ಡಕ್ಷರ. ಮೇಜಿಗೂ ಕುರ್ಚಿಗೂ ರಾಜನಿಗೂ ಒಂದೇ ಮರ್ಯಾದೆ.

ನಮ್ಮ ಊರಿನ ಫ್ಲೆಕ್ಸ್ ನೋಡಿ. ಹುಟ್ಟುಹಬ್ಬದ ಶುಭಾಶಯ ಇಂಗ್ಲಿಷಿನಲ್ಲಿ ಬೇಕು. ಮೇಲಿಂದ ಕೆಳಗಿನವರೆಗೂ ದೊಡ್ಡಕ್ಷರ. 'ಅಣ್ಣಾ, ಸಣ್ಣ ಅಕ್ಷರ ಹಾಕಿದ್ರ ನಮ್ ಲೀಡರಿಗೆ ಅವಮಾನ ಆಗ್ತೈತಿ' ಅನ್ನುತ್ತಾರೆ ಹುಡುಗರು. ಇಂಗ್ಲಿಷ್ ಬಲ್ಲವನು ಅದನ್ನು ಓದಿದರೆ ಗೌರವ ಎಂದು ತಿಳಿಯುವುದಿಲ್ಲ, ಯಾರೋ ಕಿರುಚುತ್ತಿದ್ದಾರೆ ಎಂದು ತಿಳಿಯುತ್ತಾನೆ. ಎಲ್ಲ ಅಕ್ಷರವೂ ಒಂದೇ ಎತ್ತರವಾದರೆ ಓದುವುದಕ್ಕೂ ಕಷ್ಟ. ಹಣ ಕೊಟ್ಟು ಅಚ್ಚು ಹಾಕಿಸಿ ಓದಲಾಗದಂತೆ ಮಾಡುವುದು ಯಾವ ಸೀಮೆಯ ಜಾಣತನ?

ಹಾಗಂತ ದೊಡ್ಡಕ್ಷರ ಬರೀ ಅಲಂಕಾರ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಕರಿಯರನ್ನು ಆ ಕಾಲದಲ್ಲಿ ಕರೆಯುತ್ತಿದ್ದ 'ನೀಗ್ರೋ' ಎಂಬ ಪದವನ್ನು ಬಿಳಿಯರ ಪತ್ರಿಕೆಗಳು ಸಣ್ಣಕ್ಷರದಿಂದ ಅಚ್ಚು ಹಾಕುತ್ತಿದ್ದವು. ಉಳಿದ ಜನಾಂಗಗಳ ಹೆಸರಿಗೆ ದೊಡ್ಡಕ್ಷರ, ಇವರಿಗೆ ಮಾತ್ರ ಸಣ್ಣದು! ಡಬ್ಲ್ಯೂ.ಇ.ಬಿ. ಡುಬಾಯ್ಸ್ ಎಂಬ ಕರಿಯ ವಿದ್ವಾಂಸ ಇದರ ವಿರುದ್ಧ ದಶಕಗಟ್ಟಲೆ ದನಿ ಎತ್ತಿದ. ಕೊನೆಗೆ 1930ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇನ್ನು ಮುಂದೆ ದೊಡ್ಡಕ್ಷರ ಹಾಕುತ್ತೇವೆಂದು ಸಂಪಾದಕೀಯ ಬರೆಯಿತು. 'ಬ್ಲ್ಯಾಕ್' ಎಂಬ ಈಗಿನ ಪದಕ್ಕೆ ಅದೇ ಮರ್ಯಾದೆ ಸಿಗಲು 2020ರವರೆಗೆ ಕಾಯಬೇಕಾಯಿತು. ಅಂದರೆ ಅವರ ಭಾಷೆಯಲ್ಲಿ ಒಂದು ಅಕ್ಷರದ ಎತ್ತರಕ್ಕಾಗಿ ಜನ ಹೋರಾಡಿದ್ದಾರೆ, ಗೆದ್ದಿದ್ದಾರೆ. ಅದು ಅವರ ಭಾಷೆ, ಅವರ ಹೋರಾಟ. ನಮ್ಮ ಪ್ರಶ್ನೆ ಬೇರೆ.

ನಮ್ಮ ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಜಿಲ್ಲಾಧಿಕಾರಿಯ ಹೆಸರಿನ ಮೊದಲ ಅಕ್ಷರಕ್ಕೂ ಗೇಟು ಕಾಯುವವನ ಹೆಸರಿನ ಮೊದಲ ಅಕ್ಷರಕ್ಕೂ ಒಂದೇ ಎತ್ತರ. ಗೌರವವನ್ನು ನಾವು ಅಕ್ಷರದ ಅಳತೆಯಲ್ಲಿ ಇಟ್ಟಿಲ್ಲ, ಮಾತಿನಲ್ಲಿ ಇಟ್ಟಿದ್ದೇವೆ. 'ಗೌಡ ಬಂದ' ಅನ್ನುವುದಕ್ಕೂ 'ಗೌಡ್ರು ಬಂದ್ರು' ಅನ್ನುವುದಕ್ಕೂ ಇರುವ ಅಂತರ ಯಾವ ಇಂಗ್ಲಿಷಿನ ದೊಡ್ಡಕ್ಷರದಲ್ಲಿದೆ? ಬಸವಣ್ಣನವರ ಹೆಸರಿನಲ್ಲೇ ಅಣ್ಣ ಇದ್ದಾನೆ, ಅಕ್ಕ ಮಹಾದೇವಿಯ ಹೆಸರಿನಲ್ಲೇ ಅಕ್ಕ ಇದ್ದಾಳೆ. ಇಂಗ್ಲಿಷಿನಲ್ಲಿ 'ನಾನು' ಎಂಬ ಪದಕ್ಕೆ ವಾಕ್ಯದ ಎಲ್ಲಿ ಬಂದರೂ ದೊಡ್ಡಕ್ಷರ, 'ನೀನು' ಎಂಬುದಕ್ಕೆ ಸಣ್ಣಕ್ಷರ. ನಮ್ಮಲ್ಲಿ ಎದುರಿಗಿರುವವರಿಗೆ 'ನೀವು', 'ತಾವು'. ನಾನು ಅನ್ನುವವನು ಇದ್ದಷ್ಟೇ ಇರುತ್ತಾನೆ.

ಇಂಗ್ಲಿಷಿನ ದೊಡ್ಡಕ್ಷರಕ್ಕೆ 'ಅಪ್ಪರ್ ಕೇಸ್', ಸಣ್ಣಕ್ಷರಕ್ಕೆ 'ಲೋಯರ್ ಕೇಸ್' ಎಂಬ ಹೆಸರು ಎಲ್ಲಿಂದ ಬಂತು ಗೊತ್ತೇ? ಅದು ನಮ್ಮ ಪ್ರೆಸ್ಸಿನವರ ಮಾತು. ಸೀಸದ ಅಚ್ಚಿನ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ದೊಡ್ಡಕ್ಷರದ ಮೊಳೆಗಳು ಮೇಲಿನ ಮರದ ಪೆಟ್ಟಿಗೆಯಲ್ಲಿ, ಸಣ್ಣಕ್ಷರದವು ಕೆಳಗಿನ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಆ ಪೆಟ್ಟಿಗೆಗೆ ಕೇಸು ಅನ್ನುತ್ತಿದ್ದೆವು. ಕನ್ನಡದ ಕೇಸಿನಲ್ಲಿ ಮನೆಗಳು ಜಾಸ್ತಿ. ಅಕ್ಷರ, ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಜಾಗ. ಆದರೆ ದೊಡ್ಡವರ ಹೆಸರಿಗೆ ಒಂದು ಕೇಸು, ಬಡವರ ಹೆಸರಿಗೆ ಒಂದು ಕೇಸು ಅಂತ ನಮ್ಮಲ್ಲಿ ಇರಲಿಲ್ಲ.

ಬಳ್ಳಾರಿಯ ಹುಡುಗರಿಗೆ ಇನ್ನೊಂದು ಮಾತು ಹೇಳಲೇಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಟಿತು, ಹೆರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯ ಕೈಯಿಂದ. ಅದು ಕಲ್ಲಚ್ಚಿನ ಪತ್ರಿಕೆ. ಮರುವರ್ಷ ಮೊಳೆಯಲ್ಲಿ ಚೊಕ್ಕಟವಾಗಿ ಅಚ್ಚು ಹಾಕಿಸಬೇಕೆಂದು ಅವರು ಬಂದದ್ದು ಎಲ್ಲಿಗೆ? ನಮ್ಮ ಬಳ್ಳಾರಿಗೆ! 1844ರಲ್ಲಿ ಅದು 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಇಲ್ಲಿ ಅಚ್ಚಾಯಿತು. ಜರ್ಮನಿಯಿಂದ ಬಂದವರೇ ಕನ್ನಡದ ಹೆಸರುಗಳನ್ನು ಕನ್ನಡದ ಮೊಳೆಯಲ್ಲಿ ಜೋಡಿಸಿದ ಊರು ಇದು. ಈ ಊರಿನಲ್ಲಿ ಇವತ್ತು ಹುಡುಗ ಹುಡುಗಿ ಇಬ್ಬರದೂ ಕನ್ನಡ ಮನೆಮಾತಾದರೂ ಲಗ್ನಪತ್ರಿಕೆ ಇಂಗ್ಲಿಷಿನಲ್ಲಿ ಬೇಕಂತೆ. 'ಕನ್ನಡದಾಗ ಹಾಕಿಸಿದ್ರ ಹಳ್ಳಿ ಕಾರ್ಡ್ ಕಂಡಂಗ ಕಾಣ್ತೈತಿ ಅಣ್ಣಾ' ಅಂತ ಸಮಜಾಯಿಷಿ ಬೇರೆ.

ಹಳ್ಳಿ! ಆ ಪದವನ್ನೇ ಇಂಗ್ಲಿಷಿನಲ್ಲಿ ಬರೆದು ನೋಡಿ. ಹಳ್ಳಿ ಅಲ್ಲಿ ಹಲ್ಲಿ ಆಗುತ್ತದೆ. ಅಣ್ಣ ಅನ್ನ ಆಗುತ್ತಾನೆ. ಬಳ್ಳಾರಿ ಬಲ್ಲಾರಿ ಆಗುತ್ತದೆ. ಳ, ಣ ಎರಡೂ ಅವರ ಅಕ್ಷರಮಾಲೆಯಲ್ಲಿ ಇಲ್ಲ, ದೊಡ್ಡದರಲ್ಲೂ ಇಲ್ಲ, ಸಣ್ಣದರಲ್ಲೂ ಇಲ್ಲ. ಇಲ್ಲೊಂದು ಮಜಾ ಇದೆ ನೋಡಿ. ಕರ್ನಾಟಕ ಸರ್ಕಾರ ಒಪ್ಪಿಕೊಂಡ, ನುಡಿ ತಂತ್ರಾಂಶದಲ್ಲಿರುವ ಕೀಲಿಮಣೆಯನ್ನು ರೂಪಿಸಿದವರು ಕೆ.ಪಿ. ರಾವ್. ಅದರಲ್ಲಿ ಲ ಬೇಕಾದರೆ ಬರೀ ಕೀಲಿ ಒತ್ತಬೇಕು, ಳ ಬೇಕಾದರೆ ಅದೇ ಕೀಲಿಯನ್ನು ಶಿಫ್ಟ್ ಹಿಡಿದು ಒತ್ತಬೇಕು. ನ ಮತ್ತು ಣ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ನಮ್ಮೂರಿನ ಹೆಸರು ಬರೆಯುವವನು ಶಿಫ್ಟ್ ಒತ್ತುವುದು ಮೊದಲ ಅಕ್ಷರಕ್ಕೆ, ಮೆರವಣಿಗೆಗೆ. ಕನ್ನಡದಲ್ಲಿ ಬೆರಳಚ್ಚು ಮಾಡುವ ನಮ್ಮ ಹುಡುಗಿ 'ಬ'ಗೆ ಶಿಫ್ಟ್ ಒತ್ತುವುದೇ ಇಲ್ಲ. ಒತ್ತುವುದು ನಡುವಿನ ಎರಡು ಳಕಾರಕ್ಕೆ ಮತ್ತು ದೀರ್ಘಕ್ಕೆ. ಅದೇ ಕೀಲಿ ಅವರಿಗೆ ಠೀವಿ, ನಮಗೆ ಉಚ್ಚಾರ. ಆ ಳಕಾರ ಹೋದರೆ ಬಳ್ಳಾರಿಯೇ ಹೋಯಿತು.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ದೊಡ್ಡಕ್ಷರವೇ ಇಲ್ಲದ ನಮ್ಮ ಕನ್ನಡದೊಳಕ್ಕೆ ಆ ಇಂಗ್ಲಿಷ್ ದೊಡ್ಡಕ್ಷರ ಹಿತ್ತಲ ಬಾಗಿಲಿಂದ ನುಗ್ಗಿದೆ. ಅದರ ಹೆಸರು ಇನಿಶಿಯಲ್.

ನೀವು ಪೂರಾ ಕನ್ನಡದಲ್ಲಿ ಬರೆದ ಪತ್ರಿಕೆಯಲ್ಲೂ ಹೆಸರಿನ ಹಿಂದಿನ ಅಕ್ಷರ ಏನಿರುತ್ತದೆ? 'ಟಿ. ಮಂಜುನಾಥ', 'ಕೆ. ಹುಲಿಗೆಮ್ಮ', 'ಎಸ್. ಗಾದಿಲಿಂಗಪ್ಪ'. ಈ ಟಿ, ಕೆ, ಎಸ್ ಯಾವ ಭಾಷೆಯ ಅಕ್ಷರ? ಕನ್ನಡ ವರ್ಣಮಾಲೆಯಲ್ಲಿ 'ಎಸ್' ಎಂಬ ಅಕ್ಷರ ಎಲ್ಲಿದೆ? ಇಂಗ್ಲಿಷಿನ ದೊಡ್ಡಕ್ಷರದ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು ಅದನ್ನೇ ನಮ್ಮ ಅಪ್ಪ ಎಂದು ಕರೆಯುತ್ತಿದ್ದೇವೆ. ತೆಕ್ಕಲಕೋಟೆಯವನು 'ಟಿ' ಆಗುತ್ತಾನೆ. ಅವನ ಊರಿನಲ್ಲಿ ಟಕಾರವೇ ಮೊದಲಿಗಿಲ್ಲ! ಕುರುಗೋಡಿನವನೂ 'ಕೆ', ಕಂಪ್ಲಿಯವನೂ 'ಕೆ', ಕೋಳೂರಿನವನೂ 'ಕೆ'. ಸಿರುಗುಪ್ಪದವನು, ಸಂಡೂರಿನವನು ಇಬ್ಬರೂ 'ಎಸ್'. ಅಪ್ಪ ಶಿವಪ್ಪ ಆದರೂ 'ಎಸ್', ಷಣ್ಮುಖಪ್ಪ ಆದರೂ 'ಎಸ್', ಸಣ್ಣ ಹನುಮಂತ ಆದರೂ 'ಎಸ್'. ಸ, ಶ, ಷ ಮೂರನ್ನೂ ಒಂದೇ ಗಾಣಕ್ಕೆ ಹಾಕಿ ಹಿಂಡಿದಂತೆ. ಎಮ್ಮಿಗನೂರಿನವನ ಪಾಡು ಕೇಳಬೇಡಿ, ಒಬ್ಬ 'ಇ' ಹಾಕುತ್ತಾನೆ, ಅವನ ತಮ್ಮ 'ವೈ' ಹಾಕುತ್ತಾನೆ. ಒಂದೇ ಮನೆಯ ಮಕ್ಕಳು, ಎರಡು ಊರಿನವರಾದರು.

ಅದನ್ನೇ ಕನ್ನಡದಲ್ಲಿ ಬರೆದರೆ? ಕು., ಕಂ., ಕೋ. ಸಿ., ಸಂ. ತೆ., ಎ. ನೋಡಿ, ಚುಕ್ಕೆ ಇಡುವಷ್ಟರಲ್ಲೇ ಊರು ಅರ್ಧ ಕಂಡಿತು. ನಮ್ಮ ಅಕ್ಷರದಲ್ಲಿ ಗುಣಿತವಿದೆ, ಕೊಂಬು ಇದೆ, ಸೊನ್ನೆ ಇದೆ. ಒಂದೇ ಅಕ್ಷರ ಇಂಗ್ಲಿಷಿನ ಎರಡು ಮೂರು ಅಕ್ಷರದ ಕೆಲಸ ಮಾಡುತ್ತದೆ. ಇದು ಅಭಿಮಾನದ ಮಾತಲ್ಲ, ಜಾಗದ ಲೆಕ್ಕ. ವಿಸಿಟಿಂಗ್ ಕಾರ್ಡಿನಲ್ಲಿ ಅರ್ಧ ಇಂಚಿಗೂ ಬೆಲೆ ಇದೆ.

ಇದೇನು ನಾನು ಹೊಸದಾಗಿ ಹುಟ್ಟಿಸಿದ ಪದ್ಧತಿಯೇ? ಅ.ನ.ಕೃ. ಎಂದರೆ ಅರಕಲಗೂಡು ನರಸಿಂಗರಾಯ ಕೃಷ್ಣರಾಯ. ತ.ರಾ.ಸು. ಎಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯ. ಕುವೆಂಪು ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ತೀ.ನಂ.ಶ್ರೀ., ಪು.ತಿ.ನ., ದ.ರಾ. ಬೇಂದ್ರೆ, ರಂ.ಶ್ರೀ. ಮುಗಳಿ. ನಮ್ಮ ಹಳದಿ ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿಯವರು 'ಎಂ. ರಾಮಮೂರ್ತಿ' ಆಗಲಿಲ್ಲ, 'ಮ.' ಆಗಿಯೇ ಬಾಳಿದರು. ನಮ್ಮ ಜಿಲ್ಲೆಯ ಗಮಕಿ, ನಾಟಕಕಾರ ಜೋಳದರಾಶಿ ದೊಡ್ಡನಗೌಡರು ಊರಿನ ಹೆಸರನ್ನು ಪೂರ್ತಿಯಾಗಿ ಮುಂದೆ ಇಟ್ಟುಕೊಂಡರು. ಇವತ್ತಿನ ಹುಡುಗನಾಗಿದ್ದರೆ 'ಜೆ.ಡಿ. ಗೌಡ' ಆಗಿ ಯಾವ ಊರಿಗೂ ಸಲ್ಲದವರಾಗುತ್ತಿದ್ದರು. ವಾಟಾಳ್ ನಾಗರಾಜರನ್ನು 'ವಿ. ನಾಗರಾಜ್' ಎಂದು ಕರೆದು ನೋಡಿ, ಯಾರಿಗೆ ಗುರುತು ಸಿಗುತ್ತದೆ?

'ಹಾಗಾದರೆ ಡಿ.ವಿ.ಜಿ. ಏನು? ಬಿ.ಎಂ.ಶ್ರೀ. ಏನು? ಅವರಿಗೆ ಕನ್ನಡ ಬರುತ್ತಿರಲಿಲ್ಲವೇ?' ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರ ಕನ್ನಡದ ಮುಂದೆ ನಾವೆಲ್ಲ ಧೂಳು. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರ ಹೆಸರಿನಲ್ಲಂತೂ ಎರಡು ಇಂಗ್ಲಿಷು, ಒಂದು ಕನ್ನಡ. ಹಳೆಯ ಮೈಸೂರಿನಲ್ಲಿ ಇಂಗ್ಲಿಷ್ ಓದಿದವರ ಸಹಿ ಇಂಗ್ಲಿಷಿನಲ್ಲಿ ಮೊದಲು ಹುಟ್ಟಿತು, ಆಮೇಲೆ ಕನ್ನಡಕ್ಕೆ ಬಂತು ಅನ್ನಿಸುತ್ತದೆ ನನಗೆ. ಧಾರವಾಡದ ಕಡೆಯವರಿಗೆ ಪಕ್ಕದ ಮರಾಠಿಯ ಗಾಳಿ ಇತ್ತು. ಮರಾಠಿಯವರು ಇವತ್ತಿಗೂ ಪು.ಲ. ದೇಶಪಾಂಡೆ ಅನ್ನುತ್ತಾರೆ, 'ಪಿ.ಎಲ್.' ಎಂದು ತಮ್ಮ ಲಿಪಿಯಲ್ಲಿ ಬರೆಯುವುದಿಲ್ಲ. ನಮ್ಮ ಪಕ್ಕದ ತೆಲುಗಿನವರಿಗೆ ನಮ್ಮದೇ ರೋಗ. ನಂದಮೂರಿ ತಾರಕ ರಾಮಾರಾವು ಅಷ್ಟೊಂದು ತೆಲುಗು ಅಭಿಮಾನ ಎತ್ತಿ ಹಿಡಿದರೂ ಕೊನೆಯವರೆಗೂ ಎನ್.ಟಿ.ಆರ್. ಆಗಿಯೇ ಉಳಿದರು. ಹಿರಿಯರ ಹೆಸರನ್ನು ನಾವು ತಿದ್ದುವುದು ಬೇಡ, ಅವರು ಹೇಗೆ ಸಹಿ ಹಾಕಿದರೋ ಹಾಗೇ ಇರಲಿ. ಇವತ್ತು ಹುಟ್ಟಿದ ಮಗುವಿಗೆ ಆ ಹಳೆಯ ಸಹಿಯ ಹಂಗು ಯಾಕೆ?

ಬೀಚಿಯವರನ್ನು ಬಿಟ್ಟರೆ ಈ ಲೇಖನ ಬಳ್ಳಾರಿಯದಾಗುವುದಿಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ತಮ್ಮ ಕಾವ್ಯನಾಮವನ್ನು ಹೇಗೆ ಬರೆಯುತ್ತಿದ್ದರು ನೆನಪಿದೆಯೇ? 'ಬೀ' ಕನ್ನಡದಲ್ಲಿ, 'ಚಿ' ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಕನ್ನಡ ಮುಂದೆ, ಇಂಗ್ಲಿಷ್ ಬಾಲ. ಆ ಮನುಷ್ಯ ತಮಾಷೆಗೆ ಮಾಡಿದ್ದಿರಬಹುದು. ನಾವು ಅದನ್ನು ತಿರುಗಿಸಿ ಇಂಗ್ಲಿಷಿನ ದೊಡ್ಡಕ್ಷರವನ್ನು ತಲೆಯಾಗಿಸಿ ಕನ್ನಡದ ಹೆಸರನ್ನು ಬಾಲವಾಗಿಸಿದ್ದೇವೆ, ಅದೂ ತಮಾಷೆಗಲ್ಲ.

ಲಗ್ನಪತ್ರಿಕೆಗಳಲ್ಲಿ ಇನ್ನೊಂದು ವಿಚಿತ್ರ. ಸ್ವಾಮಿಗಳ ಹೆಸರಿನ ಹಿಂದೆ 'ಮ.ನಿ.ಪ್ರ.' ಎಂದು ಅಚ್ಚುಕಟ್ಟಾಗಿ ಕನ್ನಡದಲ್ಲಿ ಹಾಕುತ್ತಾರೆ, 'ಷ.ಬ್ರ.' ಹಾಕುತ್ತಾರೆ, ಪುರೋಹಿತರಿಗೆ 'ವೇ.ಮೂ.', ವಧುವಿಗೆ 'ಚಿ. ಕುಂ. ಸೌ.'. ಇವೆಲ್ಲ ಕನ್ನಡದ ಚುಕ್ಕೆ ಅಕ್ಷರಗಳೇ ಅಲ್ಲವೇ? ಯಾರಿಗೂ ತೊಡಕಾಗಿಲ್ಲ. ಪದವಿಗೆ ಕನ್ನಡ ಒಗ್ಗುತ್ತದೆ, ಹೆತ್ತ ಅಪ್ಪನ ಹೆಸರಿಗೆ ಮಾತ್ರ ಒಗ್ಗುವುದಿಲ್ಲ! ಇನ್ನು ತೀರಿಕೊಂಡವರ ವಿಷಯ. ಹಿಂದೆ 'ದಿ.' ಅನ್ನುತ್ತಿದ್ದೆವು, 'ಲಿಂ.' ಅನ್ನುತ್ತಿದ್ದೆವು, 'ಕೈ.' ಅನ್ನುತ್ತಿದ್ದೆವು. ಈಗ ಕನ್ನಡ ಪತ್ರಿಕೆಯಲ್ಲೇ 'ಲೇಟ್ ಹನುಮಂತಪ್ಪ'. ಅಜ್ಜ ಸತ್ತು ಮೂವತ್ತು ವರ್ಷವಾಗಿರುತ್ತದೆ, ಇಂಗ್ಲಿಷಿನಲ್ಲಿ ಆ ಪದವನ್ನು ಇತ್ತೀಚೆಗೆ ತೀರಿದವರಿಗೆ ಹಾಕುತ್ತಾರೆ. ನಮ್ಮವರಿಗೆ ಅದು ಗೊತ್ತಿಲ್ಲ. ಬಸ್ಸಿಗೆ ತಡವಾಗಿ ಬಂದವನಂತೆ ಅಜ್ಜ ಲೇಟು!

ಇದೆಲ್ಲ ಬರೀ ಮನಸ್ಸಿನ ಕಿರಿಕಿರಿ ಎಂದು ತಿಳಿಯಬೇಡಿ, ನಿಮ್ಮ ಬದುಕಿನ ಕಾಗದಪತ್ರಕ್ಕೂ ಬರುತ್ತದೆ. ಪಾಸ್‌ಪೋರ್ಟ್ ಅರ್ಜಿ ಇನಿಶಿಯಲ್ ಬೇಡ, ಬಿಡಿಸಿ ಬರೆಯಿರಿ ಅನ್ನುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಎಚ್' ಎಂದಿರುತ್ತದೆ. ಆ 'ಎಚ್' ಹಚ್ಚೊಳ್ಳಿಯೋ ಹನುಮಂತಪ್ಪನೋ ಎಂದು ಆಗ ಮನೆಯಲ್ಲಿ ಪಂಚಾಯಿತಿ ಶುರು. ಊರು ಎಂದು ಬಿಡಿಸಿದರೆ ಆಧಾರ್‌ನಲ್ಲಿ ಅಪ್ಪನ ಹೆಸರು ಇರುತ್ತದೆ, ಅಪ್ಪ ಎಂದು ಬಿಡಿಸಿದರೆ ಬ್ಯಾಂಕಿನಲ್ಲಿ ಊರು 'ಪಿ' ಕೂಡಿಕೊಂಡಿರುತ್ತದೆ. ಅಫಿಡವಿಟ್ಟು, ನೋಟರಿ, ಪತ್ರಿಕೆಯಲ್ಲಿ ಜಾಹೀರಾತು. ಆ ಜಾಹೀರಾತಿನ ಕರಡನ್ನು ಬರೆಸಿಕೊಂಡು ಹೋಗಲು ನನ್ನ ಅಂಗಡಿಗೇ ಬರುತ್ತಾರೆ, ನನಗೇನೋ ವ್ಯಾಪಾರ. ಇನಿಶಿಯಲ್ಲೂ ಇಲ್ಲದೆ ಒಂಟಿ ಹೆಸರಿನಲ್ಲೇ ಪಾಸ್‌ಪೋರ್ಟ್ ಮಾಡಿಸಿದವರದು ಮತ್ತೊಂದು ಗೋಳು. 2022ರ ನವೆಂಬರಿನಲ್ಲಿ ಯುನೈಟೆಡ್ ಅರಬ್ ಎಮಿರೇಟ್ಸ್ ಒಂದೇ ಹೆಸರಿರುವ ಪಾಸ್‌ಪೋರ್ಟ್ ಹಿಡಿದು ವಿಸಿಟ್ ವೀಸಾದಲ್ಲಿ ಬರುವವರನ್ನು ಒಳಗೆ ಬಿಡುವುದಿಲ್ಲವೆಂದು ಹೇಳಿತು. ಅಮೆರಿಕದ ವೀಸಾದಲ್ಲಂತೂ ಅಂಥವರ ಹೆಸರಿನ ಜಾಗದಲ್ಲಿ ಮೂರು ದೊಡ್ಡಕ್ಷರ ಹೊಡೆಯುತ್ತಾರೆ, ಎಫ್-ಎನ್-ಯು. ಅದರ ಅರ್ಥ 'ಮೊದಲ ಹೆಸರು ಗೊತ್ತಿಲ್ಲ'. ಹೆತ್ತವರು ತೊಟ್ಟಿಲಿಗೆ ಹಾಕಿ ಮೂರು ಸಲ ಕಿವಿಯಲ್ಲಿ ಕೂಗಿದ ಹೆಸರು, ಅಲ್ಲಿ ಗೊತ್ತಿಲ್ಲ!

ಊರಿನ ಹೆಸರಿನಲ್ಲಿ ನಾವು ಒಂದು ಸಲ ಗೆದ್ದಿದ್ದೇವೆ, ಅದನ್ನು ಮರೆಯಬೇಡಿ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ನಮ್ಮ ಬಾಯಿಗೆ ಒಗ್ಗುವಂತಾಯಿತು. 'ಬೆಲ್ಲರಿ' ಬಳ್ಳಾರಿಯಾಯಿತು, 'ಹಾಸ್ಪೆಟ್' ಹೊಸಪೇಟೆಯಾಯಿತು. ಅದಕ್ಕೆ ಒತ್ತಾಯಿಸಿದವರಲ್ಲಿ ಮುಖ್ಯರು ಯು.ಆರ್. ಅನಂತಮೂರ್ತಿಯವರು, ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು, ಕಣ್ಣಾರೆ ನೋಡಲಿಲ್ಲ. (ಅವರದೂ 'ಉಡುಪಿ ರಾಜಗೋಪಾಲಾಚಾರ್ಯ', ಇಂಗ್ಲಿಷಿನಲ್ಲಿ 'ಯು.ಆರ್.' ಆದದ್ದು.) ಆದರೂ ನಮ್ಮ ರೈಲ್ವೆ ಸ್ಟೇಷನ್ನಿನ ಸಂಕೇತ ಇವತ್ತಿಗೂ ಬಿ-ಎ-ವೈ. ಹಳೆಯ ಕಾಗುಣಿತದ ಬಾಲದ 'ವೈ' ಟಿಕೆಟ್ಟಿನ ಮೇಲೆ ಹಾಗೇ ಕೂತಿದೆ. ನಮ್ಮ ಬ್ರೂಸ್‌ಪೇಟೆಯಲ್ಲಿ ಬ್ರೂಸ್ ಎಂಬ ಇಂಗ್ಲಿಷಿನವನೇ ಕೂತಿದ್ದಾನೆ. ಅವನ ಹೆಸರು ತೆಗೆಯಿರಿ ಎಂದು ನಾನು ಹೇಳುವುದಿಲ್ಲ, ಅದೂ ಒಂದು ಚರಿತ್ರೆ. ಆದರೆ ಅವನ ಹೆಸರನ್ನು ನಾವು ಇನ್ನೂರು ವರ್ಷದಿಂದ ಒಂದಕ್ಷರ ತಪ್ಪದೆ ಹೇಳಿಕೊಂಡು ಬಂದಿದ್ದೇವೆ. ನಮ್ಮ ಊರಿನ ಹೆಸರು ನೆಟ್ಟಗಾಗಲು ಮಾತ್ರ 2014 ಬರಬೇಕಾಯಿತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಆಂಧ್ರಕ್ಕೆ ಹೋಗದೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಹೊತ್ತಿನಲ್ಲಿ ಪ್ರಾಣ ಕೊಟ್ಟವರು ಪೈಲ್ವಾನ್ ರಂಜಾನ್ ಸಾಬ್. ಅವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಒಬ್ಬರು ಜೆ, ಒಬ್ಬರು ಝೆಡ್, ಒಬ್ಬರು ಎನ್, ಒಬ್ಬರು ಎಂ, ಸಾಬ್ ಒಮ್ಮೆ ಸಾಹೇಬ್. ಎಲ್ಲದರಲ್ಲೂ ಮೊದಲಕ್ಷರ ಮಾತ್ರ ತಪ್ಪದೆ ದೊಡ್ಡದು, ನಿಯಮ ಪಾಲನೆಯಾಗಿದೆ! ಊರಿಗಾಗಿ ಸತ್ತವನ ಹೆಸರೇ ಒಂದು ನೆಲೆಗೆ ನಿಲ್ಲಲಿಲ್ಲ. ಕನ್ನಡದಲ್ಲಿ ಮೊದಲು ಬರೆದು ಅದನ್ನು ನೋಡಿಕೊಂಡು ಇಂಗ್ಲಿಷಿಗೆ ಇಳಿಸಿದ್ದರೆ ಇಷ್ಟು ರೂಪ ಬರುತ್ತಿರಲಿಲ್ಲ.

ತಮಿಳುನಾಡಿನವರನ್ನು ನಾವು ನೀರಿಗಾಗಿ ಬೈಯುತ್ತೇವೆ, ಬೈಯೋಣ. ಆದರೆ 2021ರಲ್ಲಿ ಅವರ ಸರ್ಕಾರ ತಮಿಳಿನಲ್ಲಿ ಹೆಸರು ಬರೆಯುವಾಗ ಇನಿಶಿಯಲ್ಲೂ ತಮಿಳಿನಲ್ಲೇ ಇರಬೇಕು, ಶಾಲೆಯ ಮಕ್ಕಳಿಂದ ಹಿಡಿದು ಸಚಿವಾಲಯದವರೆಗೆ ಅಂತ ಆದೇಶ ಮಾಡಿತು. ನಮ್ಮಲ್ಲಿ ಅಂಗಡಿ ಬೋರ್ಡಿನ ಮೇಲ್ಭಾಗದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ಕಾನೂನನ್ನು 2024ರಲ್ಲಿ ಬಿಗಿ ಮಾಡಿದರು. ಸಂತೋಷ. ಅದಕ್ಕಾಗಿ ಬೀದಿಗಿಳಿದವರಿಗೆ ನನ್ನ ನಮಸ್ಕಾರ. ಆದರೆ ಆ ಶೇ. 60ರೊಳಗೆ ಅಂಗಡಿ ಮಾಲೀಕನ ಹೆಸರು 'ಕೆ.ಎಸ್.ಆರ್. ಅಂಡ್ ಸನ್ಸ್' ಎಂದಿದ್ದರೆ ಅದು ಲೆಕ್ಕಕ್ಕೆ ಕನ್ನಡವೇ. ಬೋರ್ಡು ಅಳೆಯಲು ಬಂದವನ ಟೇಪಿಗೆ ಅದು ಕಾಣುವುದಿಲ್ಲ.

ಇದಕ್ಕೆ ಸರ್ಕಾರ ಬೇಕಿಲ್ಲ, ಕಾನೂನೂ ಬೇಕಿಲ್ಲ. ಮೊದಲು ನಮ್ಮ ಮನೆಯಿಂದ ಶುರುವಾಗಲಿ. ಕನ್ನಡ ಸಂಘಟನೆಗಳ ಲೆಟರ್‌ಹೆಡ್ಡುಗಳನ್ನು ನಾನೇ ಅಚ್ಚು ಹಾಕಿಕೊಡುತ್ತೇನೆ. ಮೇಲೆ ಭುವನೇಶ್ವರಿಯ ಚಿತ್ರ, ಹಳದಿ ಕೆಂಪು ಪಟ್ಟಿ, ಎಡಗಡೆ ಪದಾಧಿಕಾರಿಗಳ ಪಟ್ಟಿ. ಆ ಪಟ್ಟಿಯಲ್ಲಿ ಎ, ಬಿ, ಎಚ್, ಕೆ, ಎಂ, ಎಸ್, ವೈ, ಇಂಗ್ಲಿಷಿನ ವರ್ಣಮಾಲೆಯೇ ಮೆರವಣಿಗೆ ಹೊರಟಂತಿರುತ್ತದೆ. ಪ್ರೂಫ್ ಕೊಡುವಾಗ 'ಅಧ್ಯಕ್ಷರೇ, ಇದನ್ನು ಕನ್ನಡದಲ್ಲಿ ಹಾಕೋಣವೇ' ಎಂದರೆ ನಗುತ್ತಾರೆ. ಇಬ್ಬರು ಮಾತ್ರ ಇದುವರೆಗೆ ಒಪ್ಪಿದ್ದಾರೆ. ಅವರ ಹೊಸ ಲೆಟರ್‌ಹೆಡ್ಡಿನಲ್ಲಿ ಹೆಸರಿನ ಮುಂದೆ ಊರು ಪೂರ್ತಿ ಬಂದಿದೆ, ಒಬ್ಬರದು ಹಚ್ಚೊಳ್ಳಿ, ಇನ್ನೊಬ್ಬರದು ಕುರುಗೋಡು.

ಇಂಗ್ಲಿಷಿನಲ್ಲಿ ಬರೆಯುವಾಗ ಇಂಗ್ಲಿಷಿನ ನಿಯಮ ಪಾಲಿಸಿ. ನಿಮ್ಮ ಹೆಸರಿನ ಮೊದಲಕ್ಷರ ದೊಡ್ಡದಿರಲಿ, ಮಿಕ್ಕದ್ದು ಸಣ್ಣದಿರಲಿ. 'ಬಸವರಾಜ' ಎಂಬ ಒಂದು ಹೆಸರನ್ನು ಸೀಳಿ ಎರಡು ಕಡೆ ದೊಡ್ಡಕ್ಷರ ಹಾಕಿ 'ರಾಜ್' ಎಂಬ ಇಲ್ಲದ ಮನೆತನ ಹುಟ್ಟಿಸಬೇಡಿ. 'ಅಪ್ಪ', 'ಅಮ್ಮ' ಹಳ್ಳಿಯದೆಂದು ಬಾಲ ಕತ್ತರಿಸಬೇಡಿ, ಗಾದಿಲಿಂಗಪ್ಪನು 'ಗಾದಿ' ಆದರೆ ಹಾಸಿಗೆ ಅಂಗಡಿಯವರು ನಗುತ್ತಾರೆ. ಕನ್ನಡದಲ್ಲಿ ಬರೆಯುವಾಗ ಅಪ್ಪನ ಹೆಸರೋ ಊರಿನ ಹೆಸರೋ, ಜಾಗವಿದ್ದರೆ ಪೂರ್ತಿ, ಇಲ್ಲದಿದ್ದರೆ ಕನ್ನಡದ ಅಕ್ಷರ ಮತ್ತು ಚುಕ್ಕೆ. ಅಮ್ಮನ ಹೆಸರಿನ ಅಕ್ಷರ ಸೇರಿಸುತ್ತೇನೆಂದರೆ ಇನ್ನೂ ಒಳ್ಳೆಯದು, ಇಂಗ್ಲಿಷಿನ ಪದ್ಧತಿಯಲ್ಲಿ ಅವಳಿಗೆ ಜಾಗವೇ ಇರಲಿಲ್ಲ.

ರಾಜ್ಯೋತ್ಸವದ ಕರಪತ್ರಗಳಿಗೆ ಬರುವ ಹುಡುಗರು ಈ ಸಲ ಒಂದು ಕೆಲಸ ಮಾಡಿ. ಹೆಸರುಗಳನ್ನು ವಾಟ್ಸಾಪಿನಲ್ಲಿ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕಳಿಸಬೇಡಿ. ಒಂದು ಹಾಳೆಯ ಮೇಲೆ ಕನ್ನಡದಲ್ಲಿ, ಳ ಎಲ್ಲಿ, ಲ ಎಲ್ಲಿ ಎಂದು ಕಾಣುವಂತೆ ಕೈಯಿಂದ ಬರೆದು ತನ್ನಿ. ಇನಿಶಿಯಲ್ ಇದ್ದರೆ ಪಕ್ಕದಲ್ಲಿ ಬಿಡಿಸಿ ಬರೆಯಿರಿ. ಬಿಡಿಸುವುದು ಗೊತ್ತಿಲ್ಲದಿದ್ದರೆ ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬನ್ನಿ, ಅಲ್ಲಿಯತನಕ ಪ್ಲೇಟ್ ಹಾಕುವುದಿಲ್ಲ, ಕಾಯುತ್ತೇನೆ.